ಚಿಕ್ಕ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಹೆಚ್ಚಿಸುವಾಗ: ಒಂದು ಸ್ಟಿಕ್ಕೋ, ಜೋಡಿಯೋ, ಅಥವಾ ಮೊದಲು ಎಸ್‌ಎಸ್‌ಡಿಯೋ?

ಲ್ಯಾಪ್‌ಟಾಪ್ ನಿಧಾನ ಆಗಿದೆ ಅಂದರೆ ಸಾಕು, ‘ರ‍್ಯಾಮ್ ಜಾಸ್ತಿ ಮಾಡಿಸು’ ಅನ್ನುವ ಸಲಹೆ ತಕ್ಷಣ ಬರುತ್ತದೆ. ಬಹಳ ಸಲ ಅದು ಸರಿಯಾದ ಸಲಹೆಯೇ. ಆದರೆ 11, 13 ಇಂಚಿನ ಚಿಕ್ಕ ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಅಷ್ಟಕ್ಕೇ ನಿಲ್ಲಬಾರದು. ನಿಮ್ಮ ಯಂತ್ರ ನಿಜಕ್ಕೂ ಮೆಮೊರಿ ಸಾಲದೆ ಒದ್ದಾಡುತ್ತಿದೆಯೇ? ಹೊಸ ಸ್ಟಿಕ್, ಅಂದರೆ ರ‍್ಯಾಮ್ ಚಿಪ್‌ಗಳಿರುವ ಪುಟ್ಟ ಪಟ್ಟಿ, ಕೂರಿಸಲು ಒಳಗೆ ಜಾಗ (ಸ್ಲಾಟ್) ಇದೆಯೇ? ಇದ್ದರೆ ಎಷ್ಟು ಜಿಬಿವರೆಗೆ ಹಾಕಬಹುದು? ಈ ಮೂರಕ್ಕೆ ಉತ್ತರ ಸಿಗುವ ಮೊದಲು ದಯವಿಟ್ಟು ಏನನ್ನೂ ಕೊಳ್ಳಬೇಡಿ. ಉತ್ತರ ಹುಡುಕಲು ಅರ್ಧ ಗಂಟೆ ಸಾಕು.

ತೊಂದರೆ ನಿಜಕ್ಕೂ ರ‍್ಯಾಮ್‌ನದ್ದೇ?

ದಿನಾ ಮಾಡುವ ಕೆಲಸವನ್ನೇ ಮಾಡುತ್ತಾ ನೋಡಿ. ಬ್ರೌಸರ್, ಅದರಲ್ಲಿ ಮಾಮೂಲಿ ಇರುವಷ್ಟು ಟ್ಯಾಬ್, ಪಕ್ಕದಲ್ಲಿ ಒಂದು ಸ್ಪ್ರೆಡ್‌ಶೀಟ್ ಅಥವಾ ವಿಡಿಯೊ ಕಾಲ್, ಎಲ್ಲಾ ತೆರೆದಿರಲಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ, ಡಿಸ್ಕ್, ಸಿಪಿಯು (ಪ್ರೊಸೆಸರ್) ಮೂರೂ ಕಾಣುತ್ತವೆ. ಮೆಮೊರಿ ಶೇ. 85-90 ದಾಟಿದೆ, ಟ್ಯಾಬ್ ಬದಲಿಸಿದಾಗಲೆಲ್ಲ ಡಿಸ್ಕ್ ಗೆರೆ ಮೇಲಕ್ಕೆ ಹಾರುತ್ತದೆ ಅಂದರೆ ರ‍್ಯಾಮ್ ಸಾಲುತ್ತಿಲ್ಲ. ಮೆಮೊರಿ ಅರ್ಧ ಖಾಲಿ ಇದ್ದೂ ಡಿಸ್ಕ್ 100ರಲ್ಲೇ ನಿಂತಿದ್ದರೆ ತೊಂದರೆ ಡಿಸ್ಕ್‌ನದ್ದು. ಸಿಪಿಯು ಒಂದೇ ಸಮನೆ 100 ತೋರಿಸುತ್ತಿದ್ದರೆ ಎಷ್ಟು ರ‍್ಯಾಮ್ ಹಾಕಿದರೂ ಫಲ ಇಲ್ಲ.

ಮ್ಯಾಕ್ ಆದರೆ ಆ್ಯಕ್ಟಿವಿಟಿ ಮಾನಿಟರ್‌ನಲ್ಲಿ ಮೆಮೊರಿ ಪ್ರೆಶರ್ ಅನ್ನುವ ಗ್ರಾಫ್ ಇದೆ. ಹಸಿರು ಇದ್ದರೆ ಚಿಂತೆ ಇಲ್ಲ, ಹಳದಿ, ಕೆಂಪು ಬಂದರೆ ಯೋಚಿಸಬೇಕು. ಲಿನಕ್ಸ್‌ನಲ್ಲಿ ‘ಫ್ರೀ’ ಕಮಾಂಡ್ ಕೊಟ್ಟು ‘ಅವೈಲೆಬಲ್’ ಕಾಲಂ ನೋಡಿ. ಅದೇ ಹೆಸರಿನ ‘ಫ್ರೀ’ ಕಾಲಂ ನೋಡಿ ಗಾಬರಿಯಾಗಬೇಡಿ. ಖಾಲಿ ಇರುವ ಮೆಮೊರಿಯನ್ನು ಸಿಸ್ಟಂ ಸುಮ್ನೆ ಬಿಡುವುದಿಲ್ಲ, ಫೈಲ್‌ಗಳನ್ನು ಮತ್ತೆ ಬೇಗ ತೆರೆಯಲಿ ಅಂತ ಅದರಲ್ಲಿ ಇಟ್ಟುಕೊಳ್ಳುತ್ತದೆ. ಬೇಕಾದಾಗ ತಕ್ಷಣ ಬಿಟ್ಟುಕೊಡುತ್ತದೆ.

ರ‍್ಯಾಮ್ ತುಂಬಿದಾಗ ಏನಾಗುತ್ತದೆ ಅನ್ನುವುದು ಗೊತ್ತಿದ್ದರೆ ಮುಂದಿನ ಆಯ್ಕೆಗಳೆಲ್ಲ ಅರ್ಥವಾಗುತ್ತವೆ. ಸದ್ಯಕ್ಕೆ ಬೇಡದ ಭಾಗಗಳನ್ನು ಸಿಸ್ಟಂ ಡಿಸ್ಕ್‌ಗೆ ಬರೆದಿಟ್ಟು, ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ರ‍್ಯಾಮ್‌ನಿಂದ ಒಂದು ತುಣುಕು ಓದಲು ಸುಮಾರು 100 ನ್ಯಾನೊಸೆಕೆಂಡ್ ಬೇಕು. ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಫೈಲ್ ಇಡುವ ಸಾಧಾರಣ ಎಸ್‌ಎಸ್‌ಡಿಯಿಂದ ಓದಲು ಸುಮಾರು 100 ಮೈಕ್ರೊಸೆಕೆಂಡ್, ಅಂದರೆ ಸಾವಿರ ಪಟ್ಟು. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ 10 ಮಿಲಿಸೆಕೆಂಡ್ ಆಸುಪಾಸು, ಅದಕ್ಕೂ ನೂರು ಪಟ್ಟು. ಹಾರ್ಡ್ ಡಿಸ್ಕ್ ಇರುವ 4 ಜಿಬಿ ಲ್ಯಾಪ್‌ಟಾಪ್ ಒಂದು ಟ್ಯಾಬ್ ಬದಲಿಸಲು ಅಷ್ಟು ಹೊತ್ತು ತಿಣುಕುವುದು ಇದಕ್ಕೇ.

ರ‍್ಯಾಮ್ ಮೊದಲೋ, ಎಸ್‌ಎಸ್‌ಡಿ ಮೊದಲೋ?

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದು, ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡು ಹೊಂದುತ್ತದೆ ಅಂತಾದರೆ ನನ್ನ ಮಾತು ನೇರ: ಎಸ್‌ಎಸ್‌ಡಿ ಹಾಕಿ. 8 ಜಿಬಿ ರ‍್ಯಾಮ್ ಇದ್ದರಂತೂ ಎರಡನೇ ಯೋಚನೆ ಬೇಡ. ಯಂತ್ರ ಆನ್ ಆಗುವುದು, ಪ್ರೋಗ್ರಾಂ ತೆರೆಯುವುದು, ಅಪ್‌ಡೇಟ್ ಆಗುವುದು ಎಲ್ಲವೂ ಚುರುಕಾಗುತ್ತದೆ. 4 ಜಿಬಿ ಇದ್ದರೂ ಎಸ್‌ಎಸ್‌ಡಿಯೇ ಮೊದಲು, ಏಕೆಂದರೆ ರ‍್ಯಾಮ್ ತುಂಬಿದಾಗಿನ ಪರದಾಟವೂ ಅದರಿಂದ ಕಡಿಮೆಯಾಗುತ್ತದೆ. ರ‍್ಯಾಮ್ ಆಮೇಲೆ ಬರಲಿ.

ಈಗಾಗಲೇ ಎಸ್‌ಎಸ್‌ಡಿ ಇದ್ದು ರ‍್ಯಾಮ್ 4 ಜಿಬಿ ಆದರೆ ಉತ್ತರ ರ‍್ಯಾಮ್.

ಚಿಕ್ಕ, ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಬಗೆ ಇದೆ, ಇಎಂಎಂಸಿ. ಅದು ಬೋರ್ಡ್ ಮೇಲೆಯೇ ಬೆಸುಗೆ ಹಾಕಿದ 32, 64 ಅಥವಾ 128 ಜಿಬಿ ಸಂಗ್ರಹ. ಹಾರ್ಡ್ ಡಿಸ್ಕ್‌ಗಿಂತ ಚುರುಕು, ಒಳ್ಳೆ ಎಸ್‌ಎಸ್‌ಡಿಗಿಂತ ನಿಧಾನ. ಕಳಚಿ ಬೇರೆ ಹಾಕಲು ಆಗುವುದಿಲ್ಲ. ಇಂಥ ಯಂತ್ರದಲ್ಲಿ ಮೆಮೊರಿ ಸ್ಲಾಟ್ ಇದ್ದರೆ ಅದು ದೊಡ್ಡ ವರ, ಏಕೆಂದರೆ ರ‍್ಯಾಮ್ ಹೆಚ್ಚಾದಷ್ಟೂ ಆ ನಿಧಾನದ ಸಂಗ್ರಹದ ಮೇಲೆ ಹೊರೆ ಕಡಿಮೆ. ಒಂದು ಸಂಗತಿ ನೆನಪಿಡಿ. ವಿಂಡೋಸ್‌ನಲ್ಲಿ ಹೈಬರ್ನೇಟ್ (ತೆರೆದ ಕೆಲಸವನ್ನು ಡಿಸ್ಕ್‌ಗೆ ಉಳಿಸಿ ಯಂತ್ರ ಆಫ್ ಮಾಡುವುದು) ಚಾಲೂ ಇದ್ದರೆ ಅದರ ಫೈಲ್ ರ‍್ಯಾಮ್‌ನ ಸುಮಾರು ಶೇ. 40ರಷ್ಟು ಜಾಗ ಹಿಡಿಯುತ್ತದೆ. 16 ಜಿಬಿ ರ‍್ಯಾಮ್‌ಗೆ 6 ಜಿಬಿಗೂ ಜಾಸ್ತಿ. 64 ಜಿಬಿ ಸಂಗ್ರಹದಲ್ಲಿ ಅದು ಸಣ್ಣ ಮೊತ್ತ ಅಲ್ಲ. ಹೈಬರ್ನೇಟ್ ಬಳಸದಿದ್ದರೆ ಆಫ್ ಮಾಡಿಬಿಡಿ.

ಒಳಗೆ ಜಾಗ ಇದೆಯೇ?

ಚಿಕ್ಕ ಲ್ಯಾಪ್‌ಟಾಪ್‌ಗಳು ನಾಲ್ಕು ಬಗೆಯವು. ಒಂದೇ ಸ್ಲಾಟ್ ಇರುವವು. ಎರಡು ಸ್ಲಾಟ್ ಇರುವವು. ಸ್ವಲ್ಪ ಮೆಮೊರಿ ಬೋರ್ಡ್‌ಗೆ ಬೆಸುಗೆಯಾಗಿದ್ದು, ಜೊತೆಗೆ ಒಂದು ಸ್ಲಾಟ್ ಇರುವವು. ಪೂರ್ತಿ ಬೆಸುಗೆಯಾಗಿರುವವು. ಕೊನೆಯ ಬಗೆಯಲ್ಲಿ ಸ್ಟಿಕ್ ಹಾಕುವ ಮಾತೇ ಇಲ್ಲ.

ಮುಚ್ಚಳ ತೆಗೆಯದೆಯೂ ಇದನ್ನು ತಿಳಿಯಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದ ಕೆಳಗೆ ಎಷ್ಟು ಸ್ಲಾಟ್‌ನಲ್ಲಿ ಎಷ್ಟು ಬಳಕೆಯಲ್ಲಿದೆ ಅಂತ ಇರುತ್ತದೆ. ಅಲ್ಲೇ ‘ಫಾರ್ಮ್ ಫ್ಯಾಕ್ಟರ್’ ಮುಂದೆ ‘ಸೋಡಿಮ್’ ಅಂತಿದ್ದರೆ ಕಳಚಬಹುದಾದ ಸ್ಟಿಕ್. ‘ರೋ ಆಫ್ ಚಿಪ್ಸ್’ ಅಂತಿದ್ದರೆ ಬೆಸುಗೆ. ಆದರೆ ಈ ಮಾಹಿತಿಯನ್ನು ಕೊಡುವುದು ಲ್ಯಾಪ್‌ಟಾಪ್‌ನ ಬಯೋಸ್, ಅಂದರೆ ಯಂತ್ರ ಆನ್ ಆಗುವಾಗ ಮೊದಲು ಓಡುವ ಒಳಗಿನ ಸಾಫ್ಟ್‌ವೇರ್. ಅದು ಕೆಲವೊಮ್ಮೆ ತಪ್ಪು ಹೇಳುತ್ತದೆ, ಇಲ್ಲದ ಸ್ಲಾಟನ್ನು ಇದೆ ಅನ್ನುತ್ತದೆ. ಹಾಗಾಗಿ ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಹುಡುಕಿ ಅದರಲ್ಲಿನ ಬೋರ್ಡ್ ಚಿತ್ರ ನೋಡುವುದೇ ನಂಬಿಕೆಯ ದಾರಿ. ಲಿನಕ್ಸ್ ಬಳಸುವವರಿಗೆ ‘ಡಿಎಂಐಡಿಕೋಡ್’ ಇದೆ, ಅದೂ ಬಯೋಸ್ ಹೇಳಿದ್ದನ್ನೇ ಹೇಳುತ್ತದೆ.

ವಿವರಗಳಲ್ಲಿ ‘ಎಲ್‌ಪಿಡಿಡಿಆರ್’ ಅಂತ ಕಂಡರೆ ಹೆಚ್ಚುಕಮ್ಮಿ ಖಚಿತವಾಗಿ ಬೆಸುಗೆ. ಬ್ಯಾಟರಿ ಉಳಿಸಲೆಂದೇ ಮಾಡಿದ ಆ ಬಗೆಯ ಮೆಮೊರಿ ಸೋಡಿಮ್ ರೂಪದಲ್ಲಿ ಬರುವುದಿಲ್ಲ. ಮ್ಯಾಕ್‌ಬುಕ್ ಏರ್‌ನಲ್ಲಿ 2008ರ ಮೊದಲ ಮಾಡೆಲ್‌ನಿಂದಲೂ ಮೆಮೊರಿ ಬದಲಿಸಲು ಬರುವುದಿಲ್ಲ. ಆ್ಯಪಲ್‌ನ ಈಗಿನ ಎಂ ಸರಣಿಯಲ್ಲಿ ಮೆಮೊರಿ ಚಿಪ್‌ಗಳು ಪ್ರೊಸೆಸರ್ ಜೊತೆ ಒಂದೇ ಪ್ಯಾಕೇಜ್‌ನಲ್ಲಿ ಇರುತ್ತವೆ. ಈ ಗೋಡೆ ಒಡೆಯಲು ‘ಕ್ಯಾಮ್2’ ಅನ್ನುವ ಹೊಸ ಬಗೆಯ ಮಾಡ್ಯೂಲ್‌ಗೆ 2023ರಲ್ಲಿ ಚಿಪ್ ಉದ್ಯಮದ ಮಾನದಂಡ ಸಂಸ್ಥೆ ಜೆಡೆಕ್ ಮಾನದಂಡ ತಂದಿತು. ಅದರಲ್ಲಿ ಎಲ್‌ಪಿಡಿಡಿಆರ್ ಮೆಮೊರಿಯನ್ನೂ ಸ್ಕ್ರೂ ಬಿಚ್ಚಿ ಬದಲಿಸಬಹುದು. ಅದು ಚಿಕ್ಕ ಲ್ಯಾಪ್‌ಟಾಪ್‌ಗಳಿಗೂ ಬೇಗ ಬರಲಿ ಅಂತ ಮನಸಾರೆ ಬಯಸುತ್ತೇನೆ. ಗಟ್ಟಿಮುಟ್ಟಾದ ಯಂತ್ರವೊಂದು ಬರೀ ಮೆಮೊರಿ ಸಾಲದೆ ಮೂಲೆ ಸೇರುವುದು ನೋಡಲು ಬೇಜಾರಾಗುತ್ತದೆ.

ಎಷ್ಟರವರೆಗೆ ಹಾಕಬಹುದು?

ಇಲ್ಲಿ ಎರಡು ಮಿತಿ ಇವೆ, ಲ್ಯಾಪ್‌ಟಾಪ್ ಕಂಪನಿ ಹೇಳಿದ್ದು ಮತ್ತು ಪ್ರೊಸೆಸರ್‌ನದ್ದು. ಕಂಪನಿಯ ಮ್ಯಾನುಯಲ್ ಎಷ್ಟೋ ಸಲ ಕಡಿಮೆ ಹೇಳುತ್ತದೆ. ಆ ಲ್ಯಾಪ್‌ಟಾಪ್ ಬಂದಾಗ ದೊಡ್ಡ ಸ್ಟಿಕ್ ಸಿಗುತ್ತಿರಲಿಲ್ಲ ಅಥವಾ ಅವರು ಪರೀಕ್ಷಿಸಿರಲಿಲ್ಲ, ಅದಕ್ಕೆ. ಪ್ರೊಸೆಸರ್ ತಯಾರಕರ ಮಿತಿ ಹೆಚ್ಚು ಗಟ್ಟಿ. ಇಂಟೆಲ್ ಎನ್100 ಪ್ರೊಸೆಸರ್‌ಗೆ ಇಂಟೆಲ್ ಹೇಳುವ ಮಿತಿ 16 ಜಿಬಿ, ಅದೂ ಒಂದೇ ಚಾನೆಲ್ (ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ದಾರಿ). ಸೆಲೆರಾನ್ ಎನ್4020ಗೆ 8 ಜಿಬಿ. ಇನ್ನೂ ಹಿಂದಕ್ಕೆ ಹೋದರೆ, 2008ರ ಸುಮಾರಿನ ಆ್ಯಟಮ್ ಎನ್270 ನೆಟ್‌ಬುಕ್‌ಗಳು 2 ಜಿಬಿಗೆ ನಿಂತುಬಿಡುತ್ತವೆ. ಆ ನೆಟ್‌ಬುಕ್‌ಗೆ ಈಗ ಮೆಮೊರಿ ಹುಡುಕಿ ಹಾಕಿದರೂ ಇವತ್ತಿನ ಬ್ರೌಸರ್ ಅದರ ಮೇಲೆ ಸರಾಗ ಓಡುವುದಿಲ್ಲ. ಬರೆಯಲು, ಹಾಡು ಕೇಳಲು ಇಟ್ಟುಕೊಳ್ಳಿ, ದುಡ್ಡು ಸುರಿಯಬೇಡಿ.

ಪ್ರೊಸೆಸರ್ ಮಿತಿ ಮೀರಿದ ಸ್ಟಿಕ್ ಹಾಕಿಯೂ ಕೆಲಸ ಮಾಡಿತು ಅನ್ನುವವರು ಸಿಗುತ್ತಾರೆ. ನಿಮ್ಮ ಮಾಡೆಲ್‌ನಲ್ಲೇ, ನಿಮ್ಮ ಬಯೋಸ್ ಆವೃತ್ತಿಯಲ್ಲೇ ಅದು ಓಡಿತು ಅಂತ ಗೊತ್ತಾಗದೆ, ಸ್ಟಿಕ್ ವಾಪಸ್ ಕೊಡುವ ಅವಕಾಶ ಇಲ್ಲದೆ ಆ ಪ್ರಯೋಗ ಬೇಡ.

ಇನ್ನೊಂದು ಮಿತಿ ಸಾಫ್ಟ್‌ವೇರ್‌ನದ್ದು. 32 ಬಿಟ್ ವಿಂಡೋಸ್ 10 ಹಾಕಿಕೊಂಡಿದ್ದರೆ ಅದು 4 ಜಿಬಿಗಿಂತ ಹೆಚ್ಚು ಬಳಸುವುದಿಲ್ಲ. ಹಳೆಯ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಇದು ಇನ್ನೂ ಕಾಣಸಿಗುತ್ತದೆ. ಹೊಸ ಸ್ಟಿಕ್‌ಗೆ ಮೊದಲು 64 ಬಿಟ್ ಸಿಸ್ಟಂ ಹಾಕಿ.

ಸರಿಯಾದ ಸ್ಟಿಕ್ ಗುರುತಿಸುವುದು

ಡಿಡಿಆರ್3, ಡಿಡಿಆರ್4, ಡಿಡಿಆರ್5 ರ‍್ಯಾಮ್‌ನ ಬೇರೆ ಬೇರೆ ತಲೆಮಾರುಗಳು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಲ್ಯಾಪ್‌ಟಾಪ್ ಸ್ಟಿಕ್‌ನಲ್ಲಿ ಡಿಡಿಆರ್3ಕ್ಕೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ನಡುವಿನ ಕಚ್ಚು ಕೂಡ ಬೇರೆ ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿಯುತ್ತದೆ ಅಷ್ಟೇ.

ಡಿಡಿಆರ್3ರಲ್ಲಿ ಒಂದು ಒಳಜಗಳ ಇದೆ. ಮಾಮೂಲಿ ಡಿಡಿಆರ್3 ಓಡುವುದು 1.5 ವೋಲ್ಟ್‌ನಲ್ಲಿ, ಡಿಡಿಆರ್3ಎಲ್ ಓಡುವುದು 1.35ರಲ್ಲಿ. ಎರಡೂ ಒಂದೇ ಸ್ಲಾಟ್‌ಗೆ ಕೂರುತ್ತವೆ. ಆದರೆ 2013ರ ನಂತರದ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳು 1.5ರ ಸ್ಟಿಕ್ ಹಾಕಿದರೆ ಆನ್ ಆಗುವುದೇ ಇಲ್ಲ. ‘ಎಲ್’ ಇರುವ ಸ್ಟಿಕ್ ಎರಡೂ ವೋಲ್ಟ್‌ನಲ್ಲಿ ಓಡುತ್ತದೆ. ಅನುಮಾನ ಇದ್ದರೆ ‘ಎಲ್’ ಇರುವುದನ್ನೇ ತಗೊಳ್ಳಿ.

ವೇಗದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 2400ರ ಲ್ಯಾಪ್‌ಟಾಪ್‌ಗೆ 3200ರ ಡಿಡಿಆರ್4 ಸ್ಟಿಕ್ ಹಾಕಿದರೆ ಅದು ಸಾಮಾನ್ಯವಾಗಿ 2400ರಲ್ಲಿ ಓಡುತ್ತದೆ. ಎರಡು ಸ್ಟಿಕ್‌ಗಳ ವೇಗ ಬೇರೆ ಇದ್ದರೆ ನಿಧಾನದ್ದಕ್ಕೆ ಎರಡೂ ಇಳಿಯುತ್ತವೆ. ಗೇಮಿಂಗ್‌ಗೆಂದು ಮಾರುವ ಜಾಸ್ತಿ ವೇಗದ ಸ್ಟಿಕ್‌ಗಳಿಗೆ ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ ದುಡ್ಡು ಕೊಡುವುದು ವ್ಯರ್ಥ, ಆ ವೇಗ ಚಾಲೂ ಮಾಡುವ ಆಯ್ಕೆಯೇ ಬಹುತೇಕ ಬಯೋಸ್‌ಗಳಲ್ಲಿ ಇರುವುದಿಲ್ಲ. ಒಂದು ಲೇಬಲ್ ಮೇಲೆ ಪಿಸಿ4-3200, ಇನ್ನೊಂದರ ಮೇಲೆ ಪಿಸಿ4-25600 ಅಂತಿದ್ದರೆ ಎರಡೂ ಒಂದೇ. ಮೊದಲನೆಯದು ವೇಗ, ಎರಡನೆಯದು ಅದೇ ವೇಗದಲ್ಲಿ ಸೆಕೆಂಡಿಗೆ ಹರಿಯುವ ಮೆಗಾಬೈಟ್. 3200ನ್ನು 8ರಿಂದ ಗುಣಿಸಿದರೆ 25600.

ಒಂದು ದೊಡ್ಡ ಸ್ಟಿಕ್ಕೋ, ಎರಡು ಚಿಕ್ಕದೋ?

ಜನ ಹೆಚ್ಚು ಗೊಂದಲಪಡುವುದು ಇಲ್ಲಿ. ಎರಡು ಸ್ಟಿಕ್ ಹಾಕಿದರೆ ಪ್ರೊಸೆಸರ್ ಎರಡು ಚಾನೆಲ್‌ನಲ್ಲಿ ಒಟ್ಟಿಗೆ ಓದುತ್ತದೆ. ಡಿಡಿಆರ್4-3200ರ ಒಂದು ಸ್ಟಿಕ್‌ನಿಂದ ಸೆಕೆಂಡಿಗೆ 25.6 ಗಿಗಾಬೈಟ್ ಹರಿದರೆ ಎರಡರಿಂದ 51.2. ಕೇಳಲು ದೊಡ್ಡ ವ್ಯತ್ಯಾಸ ಅಲ್ವಾ? ಆದರೆ ಅದು ಎಲ್ಲ ಕೆಲಸದಲ್ಲೂ ಕಾಣುವುದಿಲ್ಲ. ಬ್ರೌಸರ್, ಪತ್ರ ಬರೆಯುವುದು, ಲೆಕ್ಕಪತ್ರ, ಇವುಗಳಲ್ಲಿ ನಿಮಗೆ ಗೊತ್ತೇ ಆಗದಷ್ಟು ಸಣ್ಣದು. ನಿಜವಾಗಿ ಕಾಣುವುದು ಗ್ರಾಫಿಕ್ಸ್‌ನಲ್ಲಿ. ಚಿಕ್ಕ ಲ್ಯಾಪ್‌ಟಾಪ್‌ಗಳ ಗ್ರಾಫಿಕ್ಸ್ ಪ್ರೊಸೆಸರ್ ಒಳಗೇ ಇರುತ್ತದೆ, ಅದಕ್ಕೆ ತನ್ನದೇ ಮೆಮೊರಿ ಇಲ್ಲ, ನಿಮ್ಮ ರ‍್ಯಾಮ್‌ನಿಂದಲೇ ಪಾಲು ತಗೊಳ್ಳುತ್ತದೆ. ಹಾಗಾಗಿ ಆಟ ಆಡುವವರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ, ದೊಡ್ಡ ಹೊರಗಿನ ಪರದೆ ಜೋಡಿಸುವವರಿಗೆ ಜೋಡಿ ಸ್ಟಿಕ್ ಒಳ್ಳೆಯದು.

ಈಗ ನಿಮ್ಮ ಲ್ಯಾಪ್‌ಟಾಪ್‌ಗೆ ಬನ್ನಿ.

ಎರಡು ಸ್ಲಾಟ್, ಒಂದರಲ್ಲಿ 8 ಜಿಬಿ, ಇನ್ನೊಂದು ಖಾಲಿ. ಇನ್ನೊಂದು 8 ಹಾಕಿ, ಮುಗಿಯಿತು. ಅದೇ ಕಂಪನಿಯದ್ದೇ ಬೇಕೆಂದಿಲ್ಲ. ಬಗೆ, ವೋಲ್ಟ್, ವೇಗ ಹೊಂದಿದರೆ ಬೇರೆ ಕಂಪನಿಯ ಸ್ಟಿಕ್ ಕೂಡ ಹೆಚ್ಚಿನ ಸಲ ಸರಿಯಾಗಿಯೇ ಓಡುತ್ತದೆ. ಖಾಲಿ ಸ್ಲಾಟ್ ಉಳಿಸಿಕೊಳ್ಳಲೆಂದು 8 ತೆಗೆದು 16ರ ಒಂದೇ ಸ್ಟಿಕ್ ಹಾಕುವುದು, ಮುಂದೆ 32ಕ್ಕೆ ಹೋಗುವುದು ಖಚಿತ ಇದ್ದವರಿಗೆ ಮಾತ್ರ.

ಎರಡು ಸ್ಲಾಟ್, 4 ಮತ್ತು 4. ಇಲ್ಲಿ ಒಂದು 4 ತೆಗೆದು 8 ಹಾಕಿದರೆ 12 ಆಗುತ್ತದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಇದಕ್ಕೆ ಫ್ಲೆಕ್ಸ್ ಮೋಡ್ ಇದೆ. 4ಕ್ಕೆ 4 ಸೇರಿ 8 ಜಿಬಿ ಎರಡು ಚಾನೆಲ್‌ನಲ್ಲಿ, ಉಳಿದ 4 ಒಂದು ಚಾನೆಲ್‌ನಲ್ಲಿ ಓಡುತ್ತದೆ. ಕಡಿಮೆ ಖರ್ಚಿನಲ್ಲಿ ಒಳ್ಳೆ ನಡುದಾರಿ. ಎರಡನ್ನೂ ತೆಗೆದು 8 ಮತ್ತು 8 ಹಾಕುವುದು ಇನ್ನೂ ಚೆನ್ನ.

ಬೆಸುಗೆಯಾದ 4, ಜೊತೆಗೆ ಒಂದು ಸ್ಲಾಟ್. ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಸರಿಸಮ ಆಗಲಿ ಅಂತ 4 ಹಾಕಿ 8ಕ್ಕೆ ನಿಲ್ಲಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೆಮೊರಿ ಸಾಲದೆ ಡಿಸ್ಕ್‌ಗೆ ಓಡಾಡುವ ನಷ್ಟದ ಮುಂದೆ ಚಾನೆಲ್‌ನ ಲಾಭ ಏನೂ ಅಲ್ಲ. 8 ಹಾಕಿ 12 ಮಾಡಿಕೊಳ್ಳಿ. ಕೆಲಸ ಭಾರಿ ಇದ್ದು, ಪ್ರೊಸೆಸರ್ ಮಿತಿ ಒಪ್ಪಿದರೆ 16 ಹಾಕಿ 20 ಮಾಡಿಕೊಳ್ಳಿ. ಸಂಖ್ಯೆ ವಿಚಿತ್ರ ಕಂಡರೂ ಯಂತ್ರಕ್ಕೆ ಏನೂ ತೊಂದರೆ ಇಲ್ಲ.

ಒಂದೇ ಸ್ಲಾಟ್. ಇಲ್ಲಿ ಹಳೆ ಸ್ಟಿಕ್ ಹೊರಗೆ ಬರಲೇಬೇಕು, ಹಾಗಾಗಿ ಒಂದೇ ಸಲ ಸಾಕಷ್ಟು ದೊಡ್ಡದು ಹಾಕಿ. 4ರಿಂದ 8ಕ್ಕೆ, ಆಮೇಲೆ 8ರಿಂದ 16ಕ್ಕೆ ಅಂತ ಎರಡು ಸಲ ಕೊಳ್ಳುವುದು ನಷ್ಟ.

ಡಿಡಿಆರ್5ರ ಬಗ್ಗೆ ಒಂದು ಮಾತು. ಅದರ ಒಂದೇ ಸ್ಟಿಕ್ ಒಳಗೆ 32 ಬಿಟ್‌ನ ಎರಡು ಉಪಚಾನೆಲ್ ಇವೆ. ಅದನ್ನು ನೋಡಿ ಕೆಲವು ಸಾಫ್ಟ್‌ವೇರ್‌ಗಳು ಒಂದೇ ಸ್ಟಿಕ್ ಇದ್ದರೂ ಎರಡು ಚಾನೆಲ್ ಅಂತ ತೋರಿಸುತ್ತವೆ. ಒಟ್ಟು ಅಗಲ ಹಿಂದಿನಂತೆ 64 ಬಿಟ್ಟೇ. ಎರಡನೇ ಸ್ಟಿಕ್‌ನ ಲಾಭ ಅಲ್ಲೂ ಹಾಗೇ ಇದೆ.

8, 16, 32: ಯಾರಿಗೆ ಯಾವುದು?

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೇಳುವ ಕನಿಷ್ಠ ರ‍್ಯಾಮ್ 4 ಜಿಬಿ. ಅಷ್ಟರಲ್ಲಿ ಅದು ಆನ್ ಆಗುತ್ತದೆ, ಆದರೆ ನಿಮ್ಮ ಕೆಲಸಕ್ಕೆ ಉಳಿಯುವುದು ತೀರಾ ಕಡಿಮೆ. ಗ್ರಾಫಿಕ್ಸ್ ಪಾಲು ಬೇರೆ ಕಳೆಯಬೇಕು. ಹಗುರ ಲಿನಕ್ಸ್ ಆದರೆ 4ರಲ್ಲೂ ದಿನ ದೂಡಬಹುದು. ಒಂದಷ್ಟು ಟ್ಯಾಬ್, ಪಾಠದ ವಿಡಿಯೊ, ಬರವಣಿಗೆ ಇಷ್ಟೇ ಇದ್ದರೆ 8 ಸಾಕು. ಟ್ಯಾಬ್ ಮುಚ್ಚದೆ ಬಿಡುವವರಿಗೆ, ವಿಡಿಯೊ ಕಾಲ್ ಜೊತೆಗೆ ನಾಲ್ಕಾರು ಕೆಲಸ ನಡೆಸುವವರಿಗೆ, ಪ್ರೋಗ್ರಾಮಿಂಗ್ ಕಲಿಯುವವರಿಗೆ 16. ಈಗ ಕೊಳ್ಳುವುದಾದರೆ, ಯಂತ್ರ ಒಪ್ಪುವುದಾದರೆ, ನಾನು 16 ಅನ್ನುತ್ತೇನೆ. ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ 32 ಬೇಕಾಗುವುದು ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್‌ನಂತೆ ಓಡುವ ಸಾಫ್ಟ್‌ವೇರ್) ಓಡಿಸುವವರಿಗೆ, ದೊಡ್ಡ ಫೋಟೊ, ವಿಡಿಯೊ ಫೈಲ್ ತೆರೆಯುವವರಿಗೆ. ಉಳಿದವರಿಗೆ ಅದು ಖಾಲಿ ಕೂರುತ್ತದೆ.

ಹಳೆಯ ಡಿಡಿಆರ್3 ಯಂತ್ರವಾದರೆ ಬೇರೆ ಲ್ಯಾಪ್‌ಟಾಪ್‌ನಿಂದ ತೆಗೆದ ಬಳಸಿದ ಸ್ಟಿಕ್ ತಗೊಳ್ಳಲು ಹೆದರಬೇಕಿಲ್ಲ. ರ‍್ಯಾಮ್ ಎಸ್‌ಎಸ್‌ಡಿಯಂತೆ ಬರೆದು ಬರೆದು ಸವೆಯುವುದಿಲ್ಲ. ಪರೀಕ್ಷೆ ಮಾಡಿ ನೋಡಲು, ಕೆಟ್ಟಿದ್ದರೆ ಮರಳಿಸಲು ಅವಕಾಶ ಇರಬೇಕು ಅಷ್ಟೇ.

ಪೂರ್ತಿ ಬೆಸುಗೆಯಾಗಿದ್ದರೆ

ಕ್ರೋಮ್‌ನಲ್ಲಿ ಮೆಮೊರಿ ಸೇವರ್, ಎಡ್ಜ್‌ನಲ್ಲಿ ಸ್ಲೀಪಿಂಗ್ ಟ್ಯಾಬ್ಸ್ ಚಾಲೂ ಮಾಡಿ. ಬಳಸದ ಟ್ಯಾಬ್‌ಗಳ ಮೆಮೊರಿ ಬಿಡುಗಡೆಯಾಗುತ್ತದೆ. ಯಂತ್ರ ಆನ್ ಆಗುವಾಗ ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳನ್ನು ನಿಲ್ಲಿಸಿ. ಲಿನಕ್ಸ್‌ನಲ್ಲಿ ಝಡ್‌ರ‍್ಯಾಮ್ ಹಾಕಿದರೆ ಸಿಸ್ಟಂ ಮೆಮೊರಿಯಲ್ಲಿರುವುದನ್ನು ಕುಗ್ಗಿಸಿ ಅಲ್ಲೇ ಇಡುತ್ತದೆ, 4 ಜಿಬಿ ಯಂತ್ರದಲ್ಲಿ ಇದರ ಫಲ ಚೆನ್ನಾಗಿ ಕಾಣುತ್ತದೆ. ಮುಂದಿನ ಲ್ಯಾಪ್‌ಟಾಪ್ ಕೊಳ್ಳುವಾಗ, ಬೆಸುಗೆಯ ಮಾಡೆಲ್ ಆದರೆ, ಎಸ್‌ಎಸ್‌ಡಿ ಚಿಕ್ಕದಿದ್ದರೂ ಪರವಾಗಿಲ್ಲ, ಮೆಮೊರಿ ಮಾತ್ರ ಜಾಸ್ತಿ ಇರುವುದನ್ನೇ ಆರಿಸಿ.

ಕೂರಿಸುವಾಗ

ಮುಚ್ಚಳ ಬಿಚ್ಚಿದರೆ ವಾರಂಟಿ ಏನಾಗುತ್ತದೆ ಅಂತ ಮೊದಲೇ ಓದಿಕೊಳ್ಳಿ. ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಬ್ಯಾಟರಿ ಒಳಗಿದ್ದರೆ ಮುಚ್ಚಳ ತೆಗೆದ ಕೂಡಲೇ ಅದರ ಕನೆಕ್ಟರ್ ಬಿಡಿಸಿ. ಸ್ಟಿಕ್ ಮುಟ್ಟುವ ಮೊದಲು ಕೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲು ಯಾವುದಾದರೂ ದೊಡ್ಡ ಲೋಹದ ವಸ್ತು ಮುಟ್ಟಿ. ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿದು, ಸುಮಾರು 30 ಡಿಗ್ರಿ ಓರೆಯಾಗಿ ಸ್ಲಾಟ್ ಒಳಗೆ ತಳ್ಳಿ. ಬಂಗಾರದ ಬಣ್ಣದ ಪಿನ್‌ಗಳು ಹೆಚ್ಚುಕಮ್ಮಿ ಕಾಣದಂತೆ ಒಳ ಸೇರಬೇಕು. ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಕ್ ಅಂತ ಕಚ್ಚಿಕೊಳ್ಳುತ್ತದೆ.

ಡಿಡಿಆರ್5 ಯಂತ್ರಗಳಲ್ಲಿ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು. ಹೊಸ ಮೆಮೊರಿಗೆ ಸಮಯ ಹೊಂದಿಸಿಕೊಳ್ಳುವ ಕೆಲಸ ನಡೆಯುತ್ತಿರುತ್ತದೆ. ಕೆಟ್ಟುಹೋಯಿತು ಅಂತ ಪವರ್ ಬಟನ್ ಒತ್ತಿ ನಿಲ್ಲಿಸಬೇಡಿ, ಕಾಯಿರಿ.

ಆನ್ ಆದ ಮೇಲೆ ಒಟ್ಟು ಜಿಬಿ ಸರಿ ಇದೆಯೇ ನೋಡಿ. ಆ ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವ್‌ನಿಂದ ಓಡಿಸಿ ಬಿಡಿ, ಅದು ಉಚಿತ. ಒಂದೇ ಒಂದು ಎರರ್ ಬಂದರೂ ಅದನ್ನು ಉಪೇಕ್ಷಿಸಬೇಡಿ. ಮೆಮೊರಿಯ ತಪ್ಪು ಸದ್ದಿಲ್ಲದೆ ಫೈಲ್‌ಗಳನ್ನು ಹಾಳು ಮಾಡುತ್ತದೆ. ಸ್ಟಿಕ್ ತೆಗೆದು ಮತ್ತೆ ಸರಿಯಾಗಿ ಕೂರಿಸಿ ಪರೀಕ್ಷಿಸಿ. ಎರಡು ಸ್ಲಾಟ್ ಇದ್ದರೆ ಒಂದೊಂದೇ ಸ್ಟಿಕ್ಕನ್ನು ಎರಡೂ ಸ್ಲಾಟ್‌ನಲ್ಲಿ ಹಾಕಿ ನೋಡಿ. ಎರರ್ ಸ್ಟಿಕ್ ಜೊತೆ ಹೋದರೆ ಸ್ಟಿಕ್ ಕೆಟ್ಟದ್ದು, ಸ್ಲಾಟ್‌ನಲ್ಲೇ ಉಳಿದರೆ ಬೋರ್ಡ್‌ನ ತೊಂದರೆ. ಕೆಟ್ಟ ಸ್ಟಿಕ್ ಆದರೆ ವಾಪಸ್ ಕೊಡುವ ಗಡುವಿನ ಒಳಗೇ ಬದಲಿಸಿಕೊಳ್ಳಿ, ಅಲ್ಲಿಯವರೆಗೆ ಹಳೆಯ ಸ್ಟಿಕ್ಕನ್ನು ಎಸೆಯದೆ ಇಟ್ಟುಕೊಂಡಿರಿ.